ಓರೆ ಸವೆದ ಸಾಬೂನು

ಮುಹರ್ರಕ್ಕಿನ ಪೇಟೆಯ ಹಿಂದೆ, ಏಸಿಗಳ ನೀರು ತೊಟ್ಟಿಕ್ಕುವ ಓಣಿಯಲ್ಲಿ
ನನ್ನ ಅಂಗಡಿ. ಎರಡು ಕುರ್ಚಿ, ಒಂದರ ಕುತ್ತಿಗೆ ನಿಲ್ಲುವುದಿಲ್ಲ.
ಹೆಜಮಾಡಿಯಿಂದ ಮುಂಬಯಿಗೆ, ಮುಂಬಯಿಯಿಂದ ಇಲ್ಲಿಗೆ
ಬಂದದ್ದು ಒಂದೇ ಕತ್ತಿ;
ಹಿಡಿ ಮಾತ್ರ ಎರಡು ಸಲ ಬದಲಾಗಿದೆ.

ಸಾಬೂನಿನ ವಿಷಯ ಕೇಳಿ, ಹೇಳುತ್ತೇನೆ.
ಗಿರಗಾಂವಿನಲ್ಲಿ ಸೋದರಮಾವ ಕೈಗಿಟ್ಟದ್ದು ಕೋಲುಸಾಬೂನು:
ಬೆರಳುದ್ದ, ಬೆಳ್ಳಿಕಾಗದದ ಅಂಗಿ, ತಗಡಿನ ಡಬ್ಬಿ.
ಬಟ್ಟಲು ಬೇಡ. ಒದ್ದೆ ಕೆನ್ನೆಗೆ ನೇರ ತಿಕ್ಕು,
ಗಡ್ಡದ ಕೂದಲೇ ಅದನ್ನು ತುರಿದುಕೊಳ್ಳುತ್ತದೆ,
ಆಮೇಲೆ ಬ್ರಶ್ಶು.
"ಬಳಪ ಹಿಡಿದ ಹಾಗೆ ಹಿಡಿ ಮಾರಾಯ, ಗೋಡೆಗೆ ಸುಣ್ಣ ಬಳಿಯುವುದಲ್ಲ"
ಎನ್ನುತ್ತಿದ್ದ, ಶಾಲೆಯ ಮೆಟ್ಟಿಲು ಹತ್ತದ ಮಾವ.

ಯುದ್ಧದ ವರ್ಷ ತಗಡು ಹೋಗಿ ರಟ್ಟು ಬಂದಿತ್ತಂತೆ,
ರಟ್ಟು ಹೋಗಿ ಪ್ಲಾಸ್ಟಿಕ್ಕು; ಕೊನೆಗೆ ಕೋಲೇ ಹೋಯಿತು.
ಇಲ್ಲಿಯ ಜೂನಿಗೆ ಅದು ಡಬ್ಬಿಯೊಳಗೇ ಬೆವರುತ್ತಿತ್ತು.
ಗಿರಾಕಿಗಳು ಕೇಳುತ್ತಿದ್ದರು: ಇದರಲ್ಲಿ ಯಾವುದರ ಕೊಬ್ಬು?
ಕೊಬ್ಬರಿಯದ್ದು ಎಂದೆ ಒಬ್ಬರಿಗೆ. ನಂಬಿದರು.
ಆ ರಾತ್ರಿ ನಿದ್ದೆ ಬರಲಿಲ್ಲ.
ಬೆಳಗಾದ ಮೇಲೆ ಮಾರಿದವನನ್ನು ಕೇಳಿದೆ,
ಅವನಿಗೂ ಗೊತ್ತಿರಲಿಲ್ಲ.
ಈಗ ಗುಂಡಿ ಒತ್ತಿದರೆ ಸುಂಯ್ ಎಂದು ನೊರೆ,
ಹುಟ್ಟುವಾಗಲೇ ನರೆತು ಬಂದದ್ದು.

ಹೋದ ಗುರುವಾರ, ಅಸರಿನ ಬಾಂಗ್ ಮುಗಿದ ಮೇಲೆ
ಸನದ್ ಅಜ್ಜ ಬಂದರು. "ಪೂರ್ತಿ ತೆಗೆ," ಎಂದರು.
ನಾಳೆ ಆಪರೇಶನ್, ಮೂಗಿಗೆ ಬಾಯಿಗೆ ಕೊಳವೆ ಕಟ್ಟುತ್ತಾರಂತೆ.
ಇಪ್ಪತ್ತು ವರ್ಷ ಅಂಚು ಮಾತ್ರ ಸವರಿದ ಗಡ್ಡ
ಬಿಳಿಯ ಬಟ್ಟೆಯ ಮೇಲೆ ಬಿತ್ತು, ಸದ್ದಿಲ್ಲದೆ.
ಕೆಳಗಿನ ಚರ್ಮ ಬಿಸಿಲೇ ಕಂಡಿರಲಿಲ್ಲ.

ಆಮೇಲೆ ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದಿಟ್ಟರು.
ಮುತ್ತಿಗೆ ಮುಳುಗುತ್ತಿದ್ದ ಮನೆತನ;
ಒಳಗೆ ಮುತ್ತಿನ ನುಚ್ಚಿರಬಹುದೆಂದು ನಾನು ಕೈ ಒರೆಸಿಕೊಂಡೆ.
ಮುಚ್ಚಳ ಕಿರ್ರೆಂದಿತು.
ಸಾಬೂನು. ಹಳದಿಗಟ್ಟಿ, ಬಿರುಕು ಬಿಟ್ಟು.

"ಅಪ್ಪನದು," ಎಂದರು ಹರಕು ಹಿಂದಿಯಲ್ಲಿ
(ನನ್ನದೂ ಹರಕು, ಆದ್ದರಿಂದ ಹೊಂದುತ್ತದೆ).
ಮುತ್ತಿನ ಬೆಲೆ ನೆಲ ಕಚ್ಚಿ ಅಪ್ಪ ಎಣ್ಣೆ ಕಂಪನಿಗೆ ಹೋದ.
ಗಡ್ಡ ತೆಗೆ ಎಂದರೋ, ತಾನೇ ತೆಗೆದನೋ.
ಮೊದಲ ರಜೆಗೆ ಬಂದಾಗ ನಾಲ್ಕು ವರ್ಷದ ಇವರು
ಅಜ್ಜಿಯ ಅಬಾಯದೊಳಗೆ ಹೊಕ್ಕು ಕಿರುಚಿದರಂತೆ:
ಯಾರಿದು? ಕಳಿಸಿ ಇವನನ್ನು!
ಅಪ್ಪ ಕರೆಯಲಿಲ್ಲ. ಹೊರಗೆ ಚಾಪೆ ಹಾಸಿ ಮಲಗಿದ.
ಮೂರು ತಿಂಗಳಿಗೇ ಕೆಲಸ ಬಿಟ್ಟ, ಮತ್ತೆ ದೋಣಿ ಹತ್ತಿದ.
ಗಡ್ಡ ಎದೆ ಮುಟ್ಟಿತು. ಸಾಲ ಅದಕ್ಕಿಂತ ಉದ್ದ.

"ನೆನೆಸಿ ನೋಡಲಾ?" ನಾನು ನಲ್ಲಿಗೆ ಕೈ ಹಾಕಿದೆ.
ಮಣಿಕಟ್ಟು ಹಿಡಿದರು. ನೀರು ಬೇಡ.
ಸಾಬೂನಿನ ತಲೆಯ ಮೇಲೆ ಬೆರಳಿಟ್ಟು ತೋರಿಸಿದರು:
ಸಮನಾಗಿ ಸವೆದಿಲ್ಲ, ಒಂದು ಬದಿಗೆ ಇಳಿಜಾರು,
ಇಳಿಜಾರಿನಲ್ಲಿ ತುಸು ತಗ್ಗು.
ನಲವತ್ತು ವರ್ಷ ಕೆನ್ನೆ ಮುಟ್ಟಿದ ಕೈ, ಓದಿತು:
ಎಡಚ. ದವಡೆ ಚೂಪು. ಗಲ್ಲದ ಕೆಳಗೆ ಅವಸರ.
"ಫೋಟೋ ಇಲ್ಲ," ಎಂದರು ಅಜ್ಜ.

ಒಣ ಕೋಲನ್ನು ಅವರ ದವಡೆಗೆ ಹಿಡಿದೆ.
ಬಲಕ್ಕೆ ಕೂಡಲಿಲ್ಲ.
ಎಡಕ್ಕೆ, ಕಿವಿಯ ಕೆಳಗಿನ ಮೂಳೆಯಿಂದ ಎರಡು ಬೆರಳು ಮುಂದೆ
ಕೂತಿತು, ಹೆಂಚಿಗೆ ಹೆಂಚು ಕೂತಂತೆ.
ಪೂರ್ತಿ ಅಲ್ಲ. ಕೂದಲೆಳೆಯಷ್ಟು ಎಡೆ ಉಳಿಯಿತು.
ನಾನು ಹೇಳಲಿಲ್ಲ. ಅವರು ಕನ್ನಡಿ ನೋಡಲಿಲ್ಲ.

ಹೊರಗೆ ಕಾರಿನಲ್ಲಿ ಮೊಮ್ಮಗ, ಅವನ ತೊಡೆಯ ಮೇಲೆ
ಗಾಜಿಗೆ ಮೂಗೊತ್ತಿ ನೋಡುವ ಮಗು.
ಅಜ್ಜ ಎದ್ದವರು ಮತ್ತೆ ಕೂತರು.
ಎಷ್ಟಾಯಿತು ಎಂದು ಕೇಳಿದರು, ಗೊತ್ತಿದ್ದೂ.
ಮುಚ್ಚಳದ ತಿರುಪು ಮೊದಲ ಸುತ್ತಿಗೆ ಹಿಡಿಯಲಿಲ್ಲ.
ಎರಡನೆಯದಕ್ಕೂ.
ಕೊನೆಗೆ ತಲೆಯ ಘುತ್ರಾದ ಒಂದು ತುದಿ ಎಳೆದು
ಗಲ್ಲ ಮುಚ್ಚಿಕೊಂಡು, ಬಾಗಿಲಿನ ಕಡೆ ನಡೆದರು.